ಜೀಪಿನ ಕಿಟಕಿಗೆ ಚಾಚಿದ ಕೈ

ಎಳನೀರು ಮಾರುವ ನಾಗಲಕ್ಷ್ಮಿ ತನ್ನ ಕಾಯಿ ರಾಶಿಯ ಮರೆಯಲ್ಲಿ ಮೊಬೈಲು ಹಿಡಿದು ಕಾಯುತ್ತಿದ್ದಳು. ಬೇಗೂರಿನ ಹೆದ್ದಾರಿ ಪಕ್ಕ ಪೊಲೀಸ್ ಜೀಪು ಬಂದು ನಿಂತಿತು. ಎಸ್‌ಐ ನಾಗೇಂದ್ರ ಇಳಿಯಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಕಿಟಕಿಯಿಂದ ಖಾಲಿ ಸ್ಟೀಲ್ ಡಬ್ಬಿಯೊಂದನ್ನು ಹೊರಗೆ ಹಿಡಿದ, ಅಷ್ಟೇ. ತರಕಾರಿ ಮಾರುವ ಚಿಕ್ಕನಿಂಗಮ್ಮ ಅದನ್ನು ಈಸಿಕೊಂಡು, ಮೊದಲೇ ಕಟ್ಟಿಟ್ಟಿದ್ದ ಚೀಲ ಕೊಟ್ಟಳು. ಆಮೇಲೆ ಕಿಟಕಿಯೊಳಕ್ಕೆ ಕೈ ಚಾಚಿದಳು. ಅವನು ಆ ಕೈಯನ್ನು ಪಟ್ಟನೆ ತಳ್ಳಿದ. ಜೀಪು ಹೊರಟುಹೋಯಿತು.

ಸಂಜೆಯೊಳಗೆ ವಿಡಿಯೊ ಗುಂಡ್ಲುಪೇಟೆ, ಚಾಮರಾಜನಗರವನ್ನೆಲ್ಲ ಸುತ್ತಿ ಬಂತು. ‘ಕಾಸು ಕೇಳಿದ ಬಡವಿಯ ಕೈ ತಳ್ಳಿದ ಪೊಲೀಸ್’ ಎಂದು ಯಾರೋ ತಲೆಬರಹ ಕೊಟ್ಟಿದ್ದರು. ಯಾರೂ ಅನುಮಾನಪಡಲಿಲ್ಲ. ಖಾಕಿ ಹಾಕಿದವನು ಪುಕ್ಕಟೆ ತಿನ್ನುತ್ತಾನೆ ಎಂದು ನಂಬಲು ನಮ್ಮ ಜನಕ್ಕೆ ಸಾಕ್ಷಿ ಬೇಕೆ? ಹಿಂದೆ ಮುಂದೆ ಯಾರೂ ಇಲ್ಲದಿದ್ದರೂ ಸ್ವಂತ ಬಲದಿಂದ ಮೇಲೆ ಬಂದ ಹುಡುಗ ಎಂದು ಹೋದ ವರ್ಷ ಅವನಿಗೆ ಶಾಲು ಹೊದಿಸಿದವರೇ ಈಗ ಉಗಿಯುತ್ತಿದ್ದರು.

ಚಿಕ್ಕನಿಂಗಮ್ಮ ಮಾತ್ರ ನಾಗಲಕ್ಷ್ಮಿಯ ಮೇಲೆ ರೇಗಿದಳು.

“ಯಾಕಮ್ಮಿ ಇಂಗ್ ಮಾಡ್ಬುಟ್ಟೆ? ಸಾಹೇಬ್ರ ಕೆಲಸ ಓದ್ರೆ?”

“ಓಗ್ಲಿ ಬುಡು ದೊಡ್ಡವ್ವ. ಚಾಮರಾಜನಗರದ ಮಾರ್ಕೆಟ್ ಅತ್ರ ಇದ್ರೂ ಬುಟ್ಟು, ಒಂದ್ ವರ್ಷದಿಂದ ಉಮ್ಮತ್ತೂರಿಂದ ಬಸ್ ಬದಲಾಯಿಸ್ಕಂಡು ಇಲ್ಲಿಗ್ ಬತ್ತಿದ್ದೀಯ. ಅವನು ತರಕಾರಿ ಸಾಲ್ದು ಅಂತ ಡಬ್ಬಿಗೆ ಸಾರೂ ಆಕಿಸ್ಕತಾನೆ. ಏನು, ಅವ್ರಪ್ಪನ ಮನೆ ಗಂಟಾ?”

ಚಿಕ್ಕನಿಂಗಮ್ಮ ಬದನೆಕಾಯಿಗೆ ನೀರು ಚಿಮುಕಿಸತೊಡಗಿದಳು. ಹೆದರಿದ್ದಾಳೆ ಪಾಪ, ಎಂದುಕೊಂಡಳು ನಾಗಲಕ್ಷ್ಮಿ.

ಆ ಅನುಮಾನ ಸುಳ್ಳೆನಿಸುವಂತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ವಿಚಾರಣೆ ಎಂದು ಗೊತ್ತಾದ ಮೇಲೆ ಒಬ್ಬ ಪೇದೆ ಚಿಕ್ಕನಿಂಗಮ್ಮನ ಅಂಗಡಿಗೆ ಬಂದ. “ನೀನು ವಿಚಾರಣೆಗೆ ಬರಬ್ಯಾಡ ಅಂತ ಸಾಹೇಬ್ರು ಯೋಳವ್ರೆ” ಅಂದ.

“ಬಂದೇ ಬತ್ತೀನಿ,” ಅಂದಳು ಚಿಕ್ಕನಿಂಗಮ್ಮ. “ಇರೋ ನಿಜ ಯೋಳ್ತೀನಿ.”

ನಾಗಲಕ್ಷ್ಮಿಗೆ ಹೆಮ್ಮೆಯಾಯಿತು. ಅಂಗಡಿ ಮುಚ್ಚಿ ತಾನೂ ಜೊತೆಗೆ ಹೊರಟಳು.

ಗುಂಡ್ಲುಪೇಟೆಯ ಪೊಲೀಸ್ ಕಚೇರಿಯಲ್ಲಿ ನಾಗಲಕ್ಷ್ಮಿ ಬಾಗಿಲ ಹೊರಗೆ ಉಳಿದಳು. ಒಳಗೆ ಡಿವೈಎಸ್‌ಪಿ ಕೂತಿದ್ದರು, ಎದುರಿನ ಕುರ್ಚಿಯಲ್ಲಿ ನಾಗೇಂದ್ರ. ಡಿವೈಎಸ್‌ಪಿ ಪಕ್ಕದಲ್ಲಿ, ನಾಗೇಂದ್ರನಿಗೆ ಹೆಣ್ಣು ಕೊಡಲು ಒಪ್ಪಿದ್ದ ಮೈಸೂರಿನ ನಿವೃತ್ತ ಅಧಿಕಾರಿ. ಸುದ್ದಿ ಕೇಳಿ ಓಡಿಬಂದಿದ್ದರು. “ಹೊಸ ಹುಡುಗ. ಇದೆಲ್ಲ ಯಾರು ಮಾಡಲ್ಲ ಹೇಳಿ?” ಎಂದು ನಗುತ್ತಿದ್ದರು.

“ಹೆದರಬೇಡಮ್ಮ,” ಅಂದರು ಡಿವೈಎಸ್‌ಪಿ. “ಇವರು ನಿನ್ನನ್ನ ಬಲವಂತ ಮಾಡಿದ್ರಾ?”

“ಇಲ್ಲ ಬುದ್ಧಿ. ನಾನಾಗೇ ಕೊಟ್ಟೆ. ಅವ್ರದ್ದೇನೂ ತಪ್ಪಿಲ್ಲ.”

“ದುಡಿದು ತಿನ್ನೋ ಹೆಂಗಸು ನೀನು. ಸುಮ್ಮನೆ ಯಾಕೆ ಕೊಡ್ತೀಯ?”

ಅವಳು ನಾಗೇಂದ್ರನ ಕಡೆ ನೋಡಿದಳು. ಅವನು ಮೈಸೂರಿನವರ ಕಡೆ ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಎದ್ದು ನಿಂತ.

“ಹೆದರಿಸಿ ತಗೊಂಡೆ ಸರ್. ವಾರ ವಾರ ತಗೋತಿದ್ದೆ. ತಪ್ಪಾಯ್ತು. ಈಯಮ್ಮ ಯಾರೋ, ನನಗೆ ಗೊತ್ತೂ ಇಲ್ಲ.”

ಡಿವೈಎಸ್‌ಪಿ ಬರೆದುಕೊಂಡರು. ಮೈಸೂರಿನವರು ಅವನ ಹೆಗಲು ತಟ್ಟಿದರು. ಒಂದು ಇನ್‌ಕ್ರಿಮೆಂಟ್ ಹೋದೀತು, ಇನ್ನೊಂದು ಊರಿಗೆ ವರ್ಗವಾದೀತು, ಅಷ್ಟೇ ತಾನೆ ಎಂಬಂತೆ. ಚಿಕ್ಕನಿಂಗಮ್ಮನಿಗೆ ನಂಬಿದವರೇ ಕತ್ತು ಕೊಯ್ದ ಹಾಗಾಯಿತು. ತಿರುಗಿ ಹೊರಗೆ ಬಂದಳು.

ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಾಗಲಕ್ಷ್ಮಿ ಅವಳನ್ನು ತಬ್ಬಿಕೊಂಡಳು. “ಗೆದ್ಬುಟ್ಟೆ ಕಣ್ ದೊಡ್ಡವ್ವ! ಅವನ ಬಾಯಲ್ಲೇ ಒಪ್ಪಿಸ್ಬುಟ್ಟೆ. ಇನ್ಮೇಲೆ ಕಾಸಿಗೆ ಕೈ ಚಾಚೋದು ಬ್ಯಾಡ. ಯಾಕ್ ಅಳ್ತೀಯ?”

“ಕಾಸಿಗಲ್ಲ ಕಣಮ್ಮಿ ಕೈ ಚಾಚಿದ್ದು. ಸೊರಗೋಗಿದ್ದ. ಮೊಕ ಸವರನ ಅಂತ.”

ನಾಗಲಕ್ಷ್ಮಿಯ ಕೈ ಸಡಿಲವಾಯಿತು. ಚಿಕ್ಕನಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮಾಮೂಲಿ ತಿನ್ನೋನು ಅನ್ನಿಸ್ಕಳಕ್ಕೆ ನಾಚ್ಕೆ ಆಗ್ನಿಲ್ಲ ಅವನಿಗೆ. ನನ್ ಮಗ ಅನ್ನಿಸ್ಕಳಕ್ಕೆ ಆಯ್ತು ಕಣಮ್ಮಿ.”