ಹಾರ್ನ್ ಇಲ್ಲದ ದೋಣಿ

ಕಲ್ಲಿದ್ದಲು ತುಂಬಿದ ಹಡಗು ಹೊಸ ಬಂದರಿನತ್ತ ಬಂದಾಗ, ಅಳಿವೆಯ ಬಾಯಿಗೆ ಅಡ್ಡವಾಗಿ ನಲವತ್ತು ದೋಣಿಗಳು ನಿಂತಿದ್ದವು. ಎಲ್ಲಕ್ಕಿಂತ ಮುಂದಿನ ದೋಣಿ ಮಾದೇವಿಯದು.

ಬಂದರಿನ ಅಧಿಕಾರಿ ಲಾಂಚಿನಿಂದ ಮೈಕಿನಲ್ಲಿ ಕೂಗಿದ. "ನೋಡಮ್ಮ, ಅಷ್ಟು ದೊಡ್ಡ ಹಡಗಿಗೆ ಗಕ್ಕನೆ ನಿಲ್ಲೋಕಾಗಲ್ಲ. ದೋಣಿ ಹಿಂದಕ್ಕೆ ತಗೋ."

"ನಾವು ಬಲೆ ಹಾಕೂದೇ ಇಲ್ಲಿ. ತೆಗೆಯೂದಿಲ್ಲ."

"ಸಮುದ್ರದ ಕಾನೂನು ಗೊತ್ತಾ ನಿನಗೆ?"

"ಗೊತ್ತುಂಟು ಸಾಹೇಬ್ರೆ. ಹಿಂದಕ್ಕೆ ಹೋಗುವವರು ಮೂರು ಸಲ ಹಾರ್ನ್ ಹೊಡೀಬೇಕು. ನಮ್ಮ ದೋಣಿಗೆ ಹಾರ್ನೇ ಇಲ್ಲ."

ಲಾಂಚಿನಲ್ಲಿದ್ದ ಪೊಲೀಸರು ನಕ್ಕರು. ಹಡಗು ಬರುತ್ತಲೇ ಇತ್ತು. ಅದರ ನೆರಳು ತನ್ನ ದೋಣಿಯ ಮೇಲೆ ಬಿದ್ದಾಗ ಮಾದೇವಿ ಹುಟ್ಟನ್ನು ನೀರಿನಿಂದ ಎತ್ತಿ ಒಳಗಿಟ್ಟು, ಸೆರಗು ಸಿಕ್ಕಿಸಿ ಕೂತಳು.

ಹಡಗು ಹಾರ್ನ್ ಹೊಡೆಯಿತು. ಒಂದು. ಎರಡು. ಮೂರು.