ಎಲ್ಲಕ್ಕಿಂತ ಒಳಗಿನ ಅಂಗಿ

ನಾಲ್ಕು ಮುಂಜಾನೆ ಥಂಡಿಯಲ್ಲಿ ಕಾದ ಮೇಲೆ ಚಿಗರಿ ಕಬ್ಬಿನ ಹೊಲದಿಂದ ಹೊರಬಂದು ನಿಂತಾಗ, ಲಖನನ ಕೈಯಲ್ಲಿ ಬಂದೂಕಿತ್ತು, ಕಾಡತೂಸು ಇರಲಿಲ್ಲ.

“ಕಾಕಾ, ಕಾಡತೂಸು ಎಲ್ಲೈತಿ?”

“ಅಂಗಿ ಕಿಸೆದಾಗ,” ಎಂದ ರಾವಸಾಹೇಬ. “ಎಲ್ಲಾದಕ್ಕಿಂತ ಒಳಗಿನ ಅಂಗಿ ಐತೆಲಾ, ಅದ್ರಾಗ.”

ಲಖನ ಹಲ್ಲು ಕಡಿದ. ಕಾಕಾ ನಿಪ್ಪಾಣಿ ಬಜಾರಿನ ಕೋಟು ಕಳಚಿದ, ಎರಡು ಸ್ವೆಟರ್ ತಲೆಯ ಮೇಲಿಂದ ಎಳೆದ. “ಕೆಳಗ ಒಗೀಬ್ಯಾಡಲೇ, ರಾಡಿ ಆದ್ರ ನಿಮ್ಮ ಕಾಕು ಮನ್ಯಾಗ ಬಿಟ್ಕೊಳ್ಳೂದಿಲ್ಲ. ನೀನ ಹಾಕ್ಕೋ,” ಎಂದು ಒಂದೊಂದಾಗಿ ದಾಟಿಸಿದ. ಲಖನ ಬೈಯುತ್ತಲೇ ಎಲ್ಲವನ್ನೂ ಒಂದರ ಮೇಲೊಂದು ಹಾಕಿಕೊಂಡ.

ಕೊನೆಗೆ ಕಾಡತೂಸು ಸಿಕ್ಕಿತು. ಚಿಗರಿ ಇನ್ನೂ ನಿಂತೇ ಇತ್ತು. ಲಖನ ಕಾಡತೂಸು ತುಂಬಿ ಬಂದೂಕು ಎತ್ತಲು ಹೋದ. ಅಷ್ಟು ಬಟ್ಟೆಯೊಳಗೆ ಮೊಳಕೈ ಮಡಚಲು ಬರಲೇ ಇಲ್ಲ. ಚಿಗರಿ ಅವನನ್ನೊಮ್ಮೆ ನೋಡಿ, ಅವಸರವಿಲ್ಲದೆ ಕಬ್ಬಿನೊಳಗೆ ನಡೆಯಿತು.

“ಲಖನಾ,” ಬರೀ ಅಂಗಿಯಲ್ಲಿ ನಿಂತ ಕಾಕಾನ ಹಲ್ಲು ಕಟಕಟ ಎನ್ನುತ್ತಿದ್ದವು, “ಕೋಟಷ್ಟ ತಿರುಗಿ ಕೊಡಲೇ.”

ಕೋಟು ಈಗ ಎಲ್ಲಕ್ಕಿಂತ ಒಳಗಿತ್ತು.