ಜೋಡಿ ಸುಳಿಯ ಎತ್ತು

ಫೋಟೊ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ ಬಂತು, ಆಮೇಲೆ ಎರಡು ಕೊಂಬು, ಆಮೇಲೆ ಬಿಳಿ ಎತ್ತಿನ ಹಣೆ. ಎತ್ತಿನ ಪಕ್ಕದಲ್ಲಿ ನಿಂತ ಮನುಷ್ಯ ಪೂರ್ತಿ ಕಾಣಿಸುವಷ್ಟರಲ್ಲಿ ಗ್ರಂಥಪಾಲಕ ಓಂಕಾರಮೂರ್ತಿ ಹೊರಗೆ ಹೋಗಿ ಟೀ ಕುಡಿದು ಬಂದಿದ್ದರು. 2004ರಲ್ಲಿ ಚಳ್ಳಕೆರೆಯ ಆ ಗ್ರಂಥಾಲಯಕ್ಕಿದ್ದ ಒಂದೇ ಒಂದು ಕಂಪ್ಯೂಟರಿನ ನಡಿಗೆಯೇ ಅಷ್ಟು.

ಸುನಿತಾಳಿಗೆ ಅದೇ ಭಾಗ್ಯ. ತಳಕಿನ ಪಕ್ಕದ ಹಟ್ಟಿಯ ಹುಡುಗಿ, ಆಫ್ರಿಕಾದ ದನಗಾಹಿಗಳ ಮೇಲೆ ಪಿಎಚ್‌ಡಿ ಮಾಡಲು ಹೊರಟಿದ್ದಳು. ಬೆಂಗಳೂರಿನವರೆಗೆ ಅಲೆದರೂ ಬೇಕಾದ ಪುಸ್ತಕ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಹೊರದೇಶದ ಒಂದು ಆಫ್ರಿಕಾ ಅಧ್ಯಯನ ಗ್ರಂಥಾಲಯ ತನ್ನ ಹಳೆಯ ಫೋಟೊಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ನೋಡಿ ಎಂದುಬಿಟ್ಟಿತ್ತು. ಪುಣ್ಯಾತ್ಮರು! ಪ್ರತಿ ಶನಿವಾರ ಓಂಕಾರಮೂರ್ತಿ ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಡುತ್ತಿದ್ದರು.

ಅವತ್ತು ಅವಳ ಸೋದರಮಾವ ಕ್ಯಾತಪ್ಪನೂ ಬಂದಿದ್ದ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕಿಲಾರಿ. ಓದು ಬರಹ ಇಲ್ಲ. ದನದಾಸ್ಪತ್ರೆಯಲ್ಲಿ ಔಷಧಿ ತಗೊಂಡು ಬಂದವನು ಕೋಲನ್ನು ಬಾಗಿಲಿಗೆ ಒರಗಿಸಿ ಅವಳ ಬೆನ್ನ ಹಿಂದೆ ನಿಂತಿದ್ದ.

“ಯಾರವ್ವ ಇವನು? ಎತ್ತು ಭಾಳ ಚೆನ್ನಾಗಿ ಸಾಕವ್ನೆ.”

“ಗೊತ್ತಿಲ್ಲ ಮಾವ. ‘ಸೂಡಾನ್. ದನಗಾಹಿ. ಹೆಸರು ತಿಳಿದಿಲ್ಲ’ ಅಂತ ಬರ್ದವ್ರೆ.”

“ಇಂಥಾ ಎತ್ತು ಹಿಡ್ಕಂಡು ನಿಂತವನಿಗೆ ಹೆಸರಿಲ್ವಾ?” ಕ್ಯಾತಪ್ಪನ ದನಿ ಏರಿತು.

ಆ ಸಿಟ್ಟು ಎಲ್ಲಿಂದ ಬಂತು ಅಂತ ಸುನಿತಾಳಿಗೆ ಗೊತ್ತು. ಇದೇ ಗ್ರಂಥಾಲಯದ ಬೀರುವಿನಲ್ಲಿ ಜಿಲ್ಲೆಯ ಬಗ್ಗೆ ಒಂದು ದಪ್ಪ ಪುಸ್ತಕವಿದೆ. ಅದರಲ್ಲಿ ಕ್ಯಾತಪ್ಪನ ಅಪ್ಪನ ಫೋಟೊ ಇದೆ, ಎರಡು ಎತ್ತುಗಳ ನಡುವೆ ಎದೆಯುಬ್ಬಿಸಿ ನಿಂತದ್ದು. ಕೆಳಗೆ ‘ಎತ್ತುಗಳೊಂದಿಗೆ ಒಬ್ಬ ಕಿಲಾರಿ’ ಅಂತ ಅಚ್ಚಾಗಿದೆ. ಹತ್ತು ವರ್ಷದವಳಿದ್ದಾಗ ಅವಳೇ ಅದನ್ನು ಓದಿ ಹೇಳಿದ್ದಳು. “ಒಬ್ಬ ಅಂದ್ರೆ? ನಮ್ಮಪ್ಪ ಕಣವ್ವ ಅದು,” ಅಂದಿದ್ದ ಮಾವ. ಆಮೇಲೆ ಆ ಬೀರುವಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಈಗ ಅವನ ಕಣ್ಣು ಮನುಷ್ಯನನ್ನು ಬಿಟ್ಟು ಎತ್ತಿನ ಮೇಲೆ ನಿಂತಿತ್ತು. ಸುನಿತಾ ಹಿಂದಿನ ವಾರಗಳಲ್ಲಿ ಪ್ರಿಂಟ್ ತೆಗೆದಿಟ್ಟಿದ್ದ ಫೋಟೊಗಳ ಕಟ್ಟನ್ನು ತಾನೇ ಎಳೆದುಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ಮಗುಚತೊಡಗಿದ. ಅರವತ್ತೊಂದನೆಯದಕ್ಕೆ ಕೈ ನಿಂತಿತು. ಅದರಲ್ಲಿ ಒಂದು ಬಿಳಿ ಎತ್ತು ಮಾತ್ರ ಇತ್ತು, ಮನುಷ್ಯರು ಯಾರೂ ಇರಲಿಲ್ಲ.

“ಇದೇ ಎತ್ತು ಅದು.”

“ಅಲ್ಲಿ ಇಂಥಾ ಬಿಳಿ ಎತ್ತು ಸಾವಿರ ಇರ್ತವೆ ಮಾವ. ಕೊಂಬನ್ನ ಅವರೇ ಹಂಗೆ ಬಗ್ಗಿಸ್ತಾರೆ.”

“ಕೊಂಬು ಬಗ್ಗಿಸ್ಬೋದು ಕಣವ್ವ. ಸುಳಿ ಬಗ್ಗಿಸೋಕಾಗ್ತೈತಾ?” ಕ್ಯಾತಪ್ಪ ಪರದೆಯ ಮೇಲೆ ಬೆರಳಿಟ್ಟ. ಎತ್ತಿನ ಹಣೆಯ ಕೂದಲಲ್ಲಿ ಒಂದರ ಕೆಳಗೊಂದು ಎರಡು ಸುಳಿ. ಕೆಳಗಿನದು ಎಡಗಣ್ಣಿನ ಕಡೆಗೆ ಸರಿದಿತ್ತು. ಹಾಳೆಯ ಮೇಲಿನ ಎತ್ತಿಗೂ ಥೇಟ್ ಅದೇ ಜೋಡಿ ಸುಳಿ, ಅದೇ ಜಾಗದಲ್ಲಿ.

ಪರದೆ ಮುಟ್ಟಿದವರನ್ನು ಗದರಿಸದೆ ಬಿಡದ ಓಂಕಾರಮೂರ್ತಿ ಗದರುವುದನ್ನೇ ಮರೆತು ಕನ್ನಡಕ ಏರಿಸಿ ಬಗ್ಗಿದರು. “ಅಯ್ಯೋ ಶಿವನೇ, ಹೌದಲ್ಲ! ಅದರ ಕೆಳಗೆ ಏನ್ ಬರ್ದವ್ರಮ್ಮ?”

ಸುನಿತಾ ಓದಿದಳು: ‘ಮಬಿಯೋರ್‌ನ ಎತ್ತು. 1938.’

“ಹೆಂಗೆ ಗೊತ್ತಾಯ್ತೋ ಮಾರಾಯ? ಅವನೇ ಮಬಿಯೋರ್ ಅಂತ ಹೆಂಗೆ ಹೇಳ್ತೀಯ? ಬೇರೆ ಯಾರೋ ಹಿಡ್ಕಂಡಿರಬೋದಲ್ಲ?” ಅಂದರು ಓಂಕಾರಮೂರ್ತಿ.

“ಮನುಷ್ಯ ಹೇಳ್ಲಿಲ್ಲ ಸ್ವಾಮಿ, ಎತ್ತನ್ನ ಕೇಳ್ದೆ. ನೋಡ್ರಿ, ಹೆಂಗೆ ಗಂಟಲಡಿ ಜೋತಾಡೋ ಗಂಗೆದೊಗಲು ಕೆರೆಸ್ಕಳಾಕೆ ಕತ್ತು ಚಾಚೈತೆ! ಸಾಕಿದವನಿಗೆ ಬಿಟ್ರೆ ಇನ್ನೊಬ್ಬನಿಗೆ ಹಂಗೆ ಕೊಡಲ್ಲ. ಬರಿಯವ್ವ ಆ ಫೋಟೊ ಹಾಕಿದೋರ್ಗೆ.”

ಸುನಿತಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. “ಅವರು ದೊಡ್ಡ ದೊಡ್ಡ ವಿದ್ವಾಂಸರು ಮಾವ. ನಗ್ತಾರೆ.”

“ನಗ್ಲಿ ಬಿಡು. ನಗೋಕಾದ್ರೂ ಇನ್ನೊಂದ್ಸಲ ಅವನ ಮುಖ ನೋಡ್ಬೇಕಲ್ಲ.”

ಸುನಿತಾ ಟೈಪ್ ಮಾಡತೊಡಗಿದಳು. ಓಂಕಾರಮೂರ್ತಿ ಪಕ್ಕದಲ್ಲಿ ಕೂತು ಇಂಗ್ಲಿಷ್ ತಿದ್ದಿಕೊಟ್ಟರು. ಕರೆಂಟು ಹೋಗುವುದಕ್ಕೆ ಎರಡು ನಿಮಿಷ ಮುಂಚೆ ಇಮೇಲ್ ಹೋಯಿತು.

ಮೂರನೇ ಶನಿವಾರ ಉತ್ತರ ಬಂತು. ಅಲ್ಲಿ ಮೂವರು ಕೂತು ಎರಡೂ ಫೋಟೊಗಳನ್ನು ದೊಡ್ಡದು ಮಾಡಿ ಹೋಲಿಸಿದ್ದರಂತೆ. ನಕ್ಕಿರಲಿಲ್ಲ. ಫೋಟೊ ಮತ್ತೆ ಪಟ್ಟಿಪಟ್ಟಿಯಾಗಿ ಇಳಿಯಿತು, ಕೊನೆಗೆ ಕೆಳಗಿನ ಸಾಲು ಮೂಡಿತು. ಸುನಿತಾ ಗಟ್ಟಿಯಾಗಿ ಓದಿದಳು: “‘ಮಬಿಯೋರ್, ತನ್ನ ಎತ್ತಿನೊಂದಿಗೆ. ಗುರುತಿಸಿದವರು: ಕಿಲಾರಿ ಕ್ಯಾತಪ್ಪ, ಚಳ್ಳಕೆರೆ.’” ಒಂದಕ್ಷರ ಬಾರದ ಈ ಮನುಷ್ಯನಷ್ಟು ಚೆನ್ನಾಗಿ ಓದುವವರನ್ನು ಅವಳು ಯಾವ ಯೂನಿವರ್ಸಿಟಿಯಲ್ಲೂ ಕಂಡಿರಲಿಲ್ಲ.

“ಮಬಿಯೋರ್,” ಅಂತ ಕ್ಯಾತಪ್ಪ ಮೆಲ್ಲಗೆ ಕರೆದ, ದೂರದಲ್ಲಿ ಹೋಗುತ್ತಿದ್ದವನನ್ನು ಕೂಗಿ ನಿಲ್ಲಿಸುವವನ ಹಾಗೆ.

ಓಂಕಾರಮೂರ್ತಿ ಎದ್ದು ಬೀರುವಿನ ಬೀಗ ತೆಗೆದರು. ಪುಸ್ತಕದಲ್ಲಿ ಒಂದು ಪೆನ್ಸಿಲ್ ಗೆರೆ ಕಂಡರೂ ಬೀದಿಗೆ ಕೇಳುವ ಹಾಗೆ ಕೂಗಾಡುವ ಮನುಷ್ಯ, ಆ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು ಜೇಬಿನಿಂದ ಪೆನ್ನು ತೆಗೆದರು.

“ನಿಮ್ಮ ತಂದೆಯೋರ ಹೆಸರು ಹೇಳ್ರಿ ಕ್ಯಾತಪ್ಪನೋರೇ.”

“ದೊಡ್ಡೀರಪ್ಪ,” ಅಂದ ಕ್ಯಾತಪ್ಪ. ಪೆನ್ನು ಕಾಗದ ಮುಟ್ಟುವ ಮೊದಲೇ ಅವರ ಕೈ ಹಿಡಿದ. “ಆ ಕಡಿಗೊಂದಿಷ್ಟು, ಈ ಕಡಿಗೊಂದಿಷ್ಟು ಜಾಗ ಬಿಡ್ರಿ ಸ್ವಾಮಿ. ಎತ್ತುಗಳಿಗೂ ಹೆಸರೈತೆ.”